ಓದುಗರ ಪ್ರಶ್ನೆ: ಹಣ್ಣಿನ ಟಾರ್ಟ್‌ನ ತಳ ಹಸಿಯಾಗಿ ಉಳಿಯುವುದೇಕೆ?

ಪ್ರಶ್ನೆ: ದೀಪಾವಳಿ ರಜೆಗೆ ಮಕ್ಕಳು ಬರುವ ಹೊತ್ತಿಗೆ ಸೇಬು ಮತ್ತು ನಾಶಪಾತಿ ಹಾಕಿದ ಟಾರ್ಟ್ (ಹಿಟ್ಟಿನ ತಳದ ಮೇಲೆ ಹಣ್ಣು ಜೋಡಿಸಿ ಓವನ್ನಿನಲ್ಲಿ ಬೇಯಿಸುವ ಸಿಹಿ) ಮಾಡಲು ಕಲಿಯಬೇಕೆಂದಿದ್ದೇನೆ. ಆದರೆ ಲಟ್ಟಿಸುವಾಗಲೇ ಹಿಟ್ಟು ಮಣೆಗೆ ಅಂಟಿಕೊಳ್ಳುತ್ತದೆ. ಹೇಗೋ ಬೇಯಿಸಿದರೂ ಅಂಚು ಕೆಂಪಗಾಗಿ ತಳ ಮಾತ್ರ ಹಸಿಯಾಗಿಯೇ ಇರುತ್ತದೆ. ನಾವು ಮೊಟ್ಟೆ ಬಳಸುವುದಿಲ್ಲ, ಅದರಿಂದ ಹೀಗಾಗುತ್ತಿದೆಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊಟ್ಟೆಗೂ ಇದಕ್ಕೂ ಸಂಬಂಧವಿಲ್ಲ. 23 ಸೆಂಟಿಮೀಟರ್ ಅಗಲದ ಅಚ್ಚಿಗೆ 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, ಒಂದು ಚಮಚ ಸಕ್ಕರೆ ಮತ್ತು ಮೂರು ನಾಲ್ಕು ದೊಡ್ಡ ಚಮಚ ಐಸ್ ನೀರು ಸಾಕು. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಬೆಣ್ಣೆಯ ಬದಲು ತುಪ್ಪ ಹಾಕುವವರಿದ್ದಾರೆ. ತುಪ್ಪದಲ್ಲಿ ನೀರಿನಂಶವಿಲ್ಲದ ಕಾರಣ ತಳ ಪದರಪದರವಾಗದೆ ನಾನ್‌ಖಟಾಯಿಯಂತೆ ಪುಡಿಪುಡಿಯಾಗುತ್ತದೆ. ಅದೂ ರುಚಿಯೇ, ಆದರೆ ಕತ್ತರಿಸುವಾಗ ಒಡೆಯುತ್ತದೆ.

ತಮ್ಮ ಮೊದಲ ತೊಂದರೆಗೆ ಕಾರಣ ಹವೆ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ, ಮುಂಬಯಿಯ ಅಕ್ಟೋಬರ್ ಮಧ್ಯಾಹ್ನದ ಸೆಕೆಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ತಂಪು ದೇಶಗಳ ಅಡುಗೆಮನೆಗೆಂದು ಬರೆದ ವಿಧಾನಗಳು ಈ ಊರಿನಲ್ಲಿ ಕೈಕೊಡುವುದು ಇಲ್ಲಿಯೇ. ಆದ್ದರಿಂದ ಬೆಳಗಿನ ಜಾವವೇ ಈ ಕೆಲಸಕ್ಕೆ ಕೈಹಚ್ಚಿ, ಮೈದಾವನ್ನೂ ಪಾತ್ರೆಯನ್ನೂ ಮೊದಲೇ ಫ್ರಿಜ್ಜಿನಲ್ಲಿಟ್ಟು, ಗಟ್ಟಿ ಬೆಣ್ಣೆಯ ತುಂಡುಗಳನ್ನು ಬೆರಳ ತುದಿಯಿಂದಷ್ಟೇ ಹಿಟ್ಟಿಗೆ ಉಜ್ಜಿರಿ. ಅಲ್ಲಲ್ಲಿ ಬಟಾಣಿ ಗಾತ್ರದ ಬೆಣ್ಣೆ ಉಳಿದಿರಬೇಕು. ಪದರ ಬಿಡುವುದು ಅದರಿಂದಲೇ. ಚಪಾತಿ ಹಿಟ್ಟಿನಂತೆ ನಾದಿದರೆ ಜಿಗುಟು ಬಂದು ತಳ ಕುಗ್ಗುತ್ತದೆ, ಗಡುಸಾಗುತ್ತದೆ. ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ ಬಿಟ್ಟು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿದರೆ ಮಣೆಗೆ ಅಂಟುವ ಮಾತೇ ಇಲ್ಲ.

ತಳ ಹಸಿಯಾಗುವುದಕ್ಕೆ ಕಾರಣ ಹಣ್ಣಿನ ನೀರು. ಸಕ್ಕರೆ ಬೆರೆಸಿದೊಡನೆ ಸೇಬು ರಸ ಬಿಡತೊಡಗುತ್ತದೆ, ಆ ರಸವೆಲ್ಲ ಹಸಿ ಹಿಟ್ಟಿಗೆ ಇಳಿಯುತ್ತದೆ. ಹೋಳುಗಳಿಗೆ ಸಕ್ಕರೆ, ನಿಂಬೆರಸ, ಚಿಟಿಕೆ ದಾಲ್ಚಿನ್ನಿ ಪುಡಿ ಬೆರೆಸಿ ಅರ್ಧ ಗಂಟೆ ಜರಡಿಯಲ್ಲಿಡಿ. ಕೆಳಗೆ ಬಸಿದ ರಸವನ್ನು ಚೆಲ್ಲದೆ, ಪಾಕ ಬರುವಷ್ಟು ಕುದಿಸಿಟ್ಟುಕೊಂಡು, ಬೆಂದ ಟಾರ್ಟ್‌ನ ಮೇಲೆ ಸವರಿದರೆ ಹೊಳಪೂ ಬರುತ್ತದೆ. ದೀಪಾವಳಿಯ ಹೊತ್ತಿಗೆ ಹಿಮಾಚಲ, ಕಾಶ್ಮೀರದ ಹೊಸ ಸೇಬು ಮಾರುಕಟ್ಟೆಯಲ್ಲಿ ಧಾರಾಳವಾಗಿರುತ್ತದೆ. ಕೆಂಪು ಡೆಲಿಷಿಯಸ್‌ನಲ್ಲಿ ಹುಳಿ ಕಡಿಮೆ, ಬೆಂದರೆ ಮೆತ್ತಗಾಗುತ್ತದೆ. ಹಳದಿ ಬಣ್ಣದ ಗೋಲ್ಡನ್ ಸಿಕ್ಕಿದರೆ ಅದನ್ನೇ ಕೊಳ್ಳಿರಿ. ನಾಶಪಾತಿ ಗಟ್ಟಿಯಾಗಿರಲಿ, ರಸ ಸೋರುವ ಬಬ್ಬುಗೋಷ ಎಂಬ ಮೆತ್ತನೆಯ ನಾಶಪಾತಿ ತಿನ್ನಲು ಮಾತ್ರ ಚೆನ್ನ.

ತಳವನ್ನು ಮೊದಲೇ ಅರೆಬೇಯಿಸುವುದೂ ಅಗತ್ಯ. ಅಚ್ಚಿಗೆ ಹಾಸಿದ ಹಿಟ್ಟಿಗೆ ಫೋರ್ಕಿನಿಂದ ಚುಚ್ಚಿ, ಬೇಕಿಂಗ್ ಕಾಗದ ಹೊದಿಸಿ, ಮೇಲೆ ರಾಜ್ಮಾ ಅಥವಾ ಕಡಲೆಕಾಳು ತುಂಬಿ 190 ಡಿಗ್ರಿಯಲ್ಲಿ 15 ನಿಮಿಷ, ಕಾಳು ತೆಗೆದು ಮತ್ತೆ 8ರಿಂದ 10 ನಿಮಿಷ ಬೇಯಿಸಿರಿ. ಆ ಕಾಳು ಇನ್ನು ಸಾರಿಗೆ ಬಾರದು, ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೂ ಆಗುತ್ತದೆ. ಹಣ್ಣು ಜೋಡಿಸುವ ಮುನ್ನ ಒಂದು ಚಮಚ ಚಿರೋಟಿ ರವೆ ಉದುರಿಸಿದರೆ ಉಳಿದ ರಸವನ್ನು ಅದು ಹೀರಿಕೊಳ್ಳುತ್ತದೆ. ಹಣ್ಣು ಜೋಡಿಸಿದ ಬಳಿಕ ಸುಮಾರು 35 ನಿಮಿಷ ಬೇಯಿಸಿರಿ. ಚಿಕ್ಕ ಒಟಿಜಿಯಲ್ಲಿ (ಮನೆಬಳಕೆಯ ವಿದ್ಯುತ್ ಓವನ್) ಮೇಲಿನ ಕಾಯುವ ಸರಳು ಹತ್ತಿರವಿರುವುದರಿಂದಲೇ ಅಂಚು ಬೇಗ ಕೆಂಪಗಾಗುತ್ತದೆ. ಅಚ್ಚನ್ನು ಕೆಳಗಿನ ಹಂತದಲ್ಲಿ, ಮೊದಲೇ ಕಾದ ತಟ್ಟೆಯ ಮೇಲಿಟ್ಟು, ಅಂಚಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿರಿ.

ಪ್ರಶ್ನೆ: ಸಾಸವಡದ ಸೀತಾಫಲ ಈಗ ಹೇರಳವಾಗಿ ಸಿಗುತ್ತಿದೆ. ಅದನ್ನೂ ಹೀಗೆಯೇ ಬೇಯಿಸಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಬೇಡ. ಸೀತಾಫಲದ ತಿರುಳು ಹೆಚ್ಚು ಕಾದರೆ ಕಹಿಯಾಗುತ್ತದೆ. ತಳವನ್ನು ಪೂರ್ತಿ ಬೇಯಿಸಿ, ಚೆನ್ನಾಗಿ ಆರಿದ ಮೇಲೆ, ನೀರು ಬಸಿದ ಗಟ್ಟಿ ಮೊಸರಿಗೆ ಸಕ್ಕರೆ ಮತ್ತು ತಿರುಳು ಬೆರೆಸಿ ತುಂಬಿರಿ. ಬಡಿಸುವ ಹೊತ್ತಿಗೆ ತುಂಬಿದರೆ ಸಾಕು. ಮೊದಲೇ ತುಂಬಿಟ್ಟರೆ ಡೊಂಬಿವಲಿಯವರ ತಳದ ಪಾಡೇ ಇದಕ್ಕೂ ಬರುತ್ತದೆ.