ಐಯಾಟಾ ಕೋರ್ಸ್ ಮಾಡಿದರೆ ಐಯಾಟಾ ಏಜೆನ್ಸಿ ತೆರೆಯಬಹುದಾ?

ಬಿ.ಕಾಂ. ಆಗಿದೆ, ಐಯಾಟಾ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಡಿಪ್ಲೊಮಾ ಮುಗಿಸಿ ಊರಲ್ಲೇ ಐಯಾಟಾ ಮಾನ್ಯತೆಯ ಟ್ರಾವೆಲ್ ಏಜೆನ್ಸಿ ತೆರೆಯಬಹುದಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಆಗುವುದಿಲ್ಲ. ಡಿಪ್ಲೊಮಾ ಸಿಗುವುದು ನಿಮ್ಮ ಹೆಸರಿಗೆ. ಮಾನ್ಯತೆ ಸಿಗುವುದು ಸಂಸ್ಥೆಗೆ. ಸೀಟು ತುಂಬಿಸುವ ಭರದಲ್ಲಿ ಎಷ್ಟೋ ಕೋಚಿಂಗ್ ಸೆಂಟರಿನವರು ಇದನ್ನು ಬಿಡಿಸಿ ಹೇಳುವುದಿಲ್ಲ.

ಮಾನ್ಯತೆ ಬೇಕೆಂದರೆ ಸಂಸ್ಥೆಯ ಲೆಕ್ಕಪತ್ರ ನೋಡುತ್ತಾರೆ. ಟಿಕೆಟ್ ಮಾರಿ ಆಮೇಲೆ ದುಡ್ಡು ಕಟ್ಟುವ ಸೌಲಭ್ಯ ಬೇಕಾದರೆ ಬ್ಯಾಂಕ್ ಗ್ಯಾರಂಟಿಯನ್ನೂ ಕೇಳುತ್ತಾರೆ. ಹಾಗಾಗಿ ನಮ್ಮಂಥ ಸಣ್ಣ ಆಫೀಸಿನವರು ದೊಡ್ಡ ಕನ್ಸಾಲಿಡೇಟರ್ (ಸಣ್ಣ ಏಜೆಂಟರಿಗೆ ಟಿಕೆಟ್ ಒದಗಿಸುವ ಸಗಟು ಏಜೆನ್ಸಿ) ಹತ್ತಿರ ಮುಂಗಡ ಇಟ್ಟು, ಸಬ್ ಏಜೆಂಟ್ ಆಗಿ ಟಿಕೆಟ್ ತೆಗೆಯುತ್ತೇವೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಹಾಗಂತ ಕೋರ್ಸ್ ದಂಡ ಅಲ್ಲ. ಟಿಕೆಟ್ ಬುಕ್ ಮಾಡುವ ಕಂಪ್ಯೂಟರ್ ಸಿಸ್ಟಮ್‌ಗಳಾದ ಅಮೆಡಿಯಸ್ ಅಥವಾ ಗೆಲಿಲಿಯೊ ಬರುತ್ತದೆ ಅಂದರೆ ಕೆಲಸ ಬೇಗ ಸಿಗುತ್ತದೆ. ಮಂಗಳೂರಿಗೆ ಐಎಕ್ಸ್‌ಇ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್ ಅಂತ ವಿಮಾನ ನಿಲ್ದಾಣಗಳ ಕೋಡ್ ಎಲ್ಲ ಬಾಯಿಪಾಠ ಆಗುತ್ತದೆ. ಆದರೆ ಒಂದೆರಡು ವರ್ಷ ಯಾರದ್ದಾದರೂ ಕೌಂಟರಿನಲ್ಲಿ ಕೂರಲೇಬೇಕು. ಹೆಸರಿನ ವಿಷಯವನ್ನೇ ತಗೊಳ್ಳಿ. ಸಿಸ್ಟಮ್‌ನಲ್ಲಿ ಮೊದಲು ಸರ್‌ನೇಮ್, ಒಂದು ಸ್ಲ್ಯಾಶ್, ಆಮೇಲೆ ಹೆಸರು. ನಮ್ಮವರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗವೇ ಖಾಲಿ! ವಿಸಿಟ್ ವೀಸಾದಲ್ಲಿ ಬರುವವರಿಗೆ ಒಂಟಿ ಹೆಸರು ನಡೆಯಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ಹೇಳಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಪರವಾಗಿಲ್ಲ ಎಂದು ಆಮೇಲೆ ಸಡಿಲಿಸಿತು. ಇದೆಲ್ಲ ನೋಡದೆ, ಫೋನಿನಲ್ಲಿ ಹೆಸರು ಕೇಳಿ ಸುಮ್ನೆ ಟಿಕೆಟ್ ಹೊಡೆದರೆ ಗಿರಾಕಿ ಚೆಕ್-ಇನ್ ಕೌಂಟರಿನಿಂದಲೇ ವಾಪಸ್ ಬರಬೇಕಾದೀತು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಕಡ್ಡಾಯವಲ್ಲ, ಬೇಕಿದ್ದರೆ ಪಡೆಯಬಹುದು. ಎರಡು ವಿಷಯದಲ್ಲಿ ಮಾತ್ರ ಹುಷಾರು. ರೈಲು ಟಿಕೆಟ್ ಮಾರಬೇಕಾದರೆ ಐಆರ್‌ಸಿಟಿಸಿ ಏಜೆಂಟ್ ಐಡಿಯೇ ಬೇಕು. ಸ್ವಂತ ಐಡಿಯಲ್ಲಿ ಬುಕ್ ಮಾಡಿ ಕಮಿಷನ್ ತಗೊಂಡರೆ 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಇನ್ನು ಗಲ್ಫಿಗೆ ಕೆಲಸಕ್ಕೆ ಜನ ಕಳಿಸಿಕೊಡಿ ಅಂತ ಯಾರಾದರೂ ಬಂದೇ ಬರುತ್ತಾರೆ, ದುಡ್ಡೂ ಜಾಸ್ತಿ ತೋರಿಸುತ್ತಾರೆ. ಅದಕ್ಕೆ 1983ರ ವಲಸೆ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ.

ಜಾಸ್ತಿ ಫೀಸು ಕಟ್ಟಲು ಆಗದಿದ್ದರೆ ಇಗ್ನೋದಲ್ಲಿ ಪ್ರವಾಸೋದ್ಯಮದ ದೂರಶಿಕ್ಷಣ ಡಿಪ್ಲೊಮಾ ಇದೆ, ಕೆಲಸ ಮಾಡುತ್ತಲೇ ಓದಬಹುದು. ಐಯಾಟಾನೇ ಬೇಕು ಅಂದರೆ ಅಧಿಕೃತ ತರಬೇತಿ ಕೇಂದ್ರಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ನೀವು ನೋಡಿರುವ ಸೆಂಟರಿನ ಹೆಸರು ಅದರಲ್ಲಿ ಇಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.