ಮಂಗನ ಕಾಯಿಲೆ ಬಂದಾಗ ದೇವರು ಎಲ್ಲಿದ್ದ?

ಪ್ರಶ್ನೆ: ಟೀಚರ್, ನಾನು ಸಾಗರದ ಕ್ರೈಸ್ತ ಮನೆಯ ಹುಡುಗಿ. ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ನನ್ನ ರೂಮ್‌ಮೇಟ್ ಅರಳಗೋಡಿನ ಕಡೆಯವಳು. ದೇವರನ್ನು ನಂಬುವುದಿಲ್ಲ. ಅವಳ ಅಜ್ಜ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರಂತೆ. "ನಿನ್ನ ದೇವರಿಗೆ ಪುರಾವೆ ಏನು? 2019ರಲ್ಲಿ ನಮ್ಮ ಕಡೆ ಮಂಗನ ಕಾಯಿಲೆಯಿಂದ ಜನ ಸತ್ತಾಗ ಅವನು ಎಲ್ಲಿದ್ದ?" ಎಂದು ಕೇಳುತ್ತಾಳೆ. ನನಗೆ ಮಾತೇ ಹೊರಡುವುದಿಲ್ಲ. ಬೈಬಲ್ ವಾಕ್ಯಗಳನ್ನು ವಾಟ್ಸಾಪ್ ಮಾಡಿದೆ, ಕಳಿಸಬೇಡ ಎಂದಳು. ನಿಲ್ಲಿಸಿದರೆ ನಾನು ಯೇಸುವನ್ನು ಬಿಟ್ಟುಕೊಟ್ಟ ಹಾಗಾಗುವುದಿಲ್ಲವೇ?
— ಹೆಸರು ಬೇಡ, ಸಾಗರ

ಉತ್ತರ: ಮಗಳೇ, ಮಂಗನ ಕಾಯಿಲೆಯಿಂದಲೇ ಶುರು ಮಾಡೋಣ. ಅವಳಿಗೆ ನೋವಿರುವುದು ಅಲ್ಲಿ.

ನಾನು ಸೊರಬ ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಮಳೆ ಮುಗಿದು ಕಾಡು ಒಣಗುತ್ತಾ ಬಂದರೆ ಮಕ್ಕಳಿಗೆ ಈ ಕಾಯಿಲೆ ಹರಡುವ ಉಣುಗಿನ ಪಾಠವೇ ಮೊದಲು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಉಣುಗು ಹತ್ತದಂತೆ ತಡೆಯುವ ಡಿಎಂಪಿ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಕಾಲಿಡಬೇಡಿ ಎಂದು ಹೇಳಿ ಹೇಳಿ ಕಳಿಸುತ್ತಿದ್ದೆ. ಜಾಸ್ತಿ ಭಯವಿದ್ದುದು ಸೌದೆಗೆ, ತರಗೆಲೆಗೆ ಕಾಡು ಹೊಗಲೇಬೇಕಾದವರಿಗೆ. ಹಾಗಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. "ಇದರಲ್ಲೂ ದೇವರದ್ದೊಂದು ಯೋಜನೆ ಇರುತ್ತದೆ" ಎಂದು ಆ ಹುಡುಗಿಗೆ ಯಾವತ್ತೂ ಹೇಳಬೇಡ.

ಇದು ಬರೀ ನನ್ನ ಮಾತಲ್ಲ. ಬೈಬಲಿನ ಯೋಬನ ಪುಸ್ತಕ ತೆಗೆದು ನೋಡು. ಮಕ್ಕಳನ್ನೆಲ್ಲ ಕಳೆದುಕೊಂಡು ಮೈತುಂಬ ಹುಣ್ಣಾಗಿ ಕೂತವನ ಬಳಿ ಸ್ನೇಹಿತರು ಬಂದು, ನಿನ್ನ ಪಾಪಕ್ಕೆ ಇದು ಶಿಕ್ಷೆ ಎಂದು ವಾದಿಸುತ್ತಾರೆ. ದೇವರ ಪರ ವಕಾಲತ್ತು ಅವರದ್ದು. ಯೋಬ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಕೊನೆಗೆ ದೇವರು ಕೋಪ ಮಾಡಿಕೊಳ್ಳುವುದು ಆ ವಕೀಲರ ಮೇಲೆ! ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎನ್ನುತ್ತಾನೆ. ಲೂಕನ ಸುವಾರ್ತೆಯ 13ನೇ ಅಧ್ಯಾಯವೂ ಹಾಗೇ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾ? ಅಲ್ಲ ಎನ್ನುತ್ತಾನೆ ಯೇಸು. ಅವರೇ ಯಾಕೆ ಸತ್ತರು ಎಂಬುದಕ್ಕೆ ಅಲ್ಲಿ ಅವನು ಕಾರಣ ಕೊಡುವುದೂ ಇಲ್ಲ.

ನೀನೂ ಕೊಡಬೇಕಾಗಿಲ್ಲ. "ಯಾಕೆ ಅಂತ ನನಗೆ ಗೊತ್ತಿಲ್ಲ. ಆದರೆ ನಾನು ನಂಬುವ ದೇವರು ದೂರ ನಿಂತು ನೋಡಿದವನಲ್ಲ. ಶಿಲುಬೆಯ ಮೇಲೆ ನೇತಾಡುತ್ತಾ 'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಎಂದು ಕೂಗಿದವನು. ನಿನ್ನ ಪ್ರಶ್ನೆಯನ್ನು ಅವನೇ ಕೇಳಿದ್ದಾನೆ" ಅನ್ನು. ಇದರಿಂದ ನನಗೆ ಸಮಾಧಾನ ಇಲ್ಲ ಎಂದು ಅವಳು ಹೇಳಬಹುದು. ಹೇಳಲಿ. ನಾನು ಆ ದೇವರನ್ನು ಬಿಡದೆ ಹಿಡಿದುಕೊಂಡಿರುವುದು ಇದೇ ಕಾರಣಕ್ಕೆ.

ಇನ್ನು ಪುರಾವೆ. "ದೇವರಿಲ್ಲದಿದ್ದರೆ ಒಳ್ಳೆಯತನ ಎಲ್ಲಿಂದ ಬರುತ್ತೆ" ಎಂದು ಅವಳನ್ನು ಚುಚ್ಚಬೇಡ. ಅವಳ ಅಜ್ಜನಿಗೆ ಅದು ಅವಮಾನ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಅಳತೆಯ ವಿರುದ್ಧ. ಒಡೆಯರು ದೊಡ್ಡ ಕೊಳಗದಲ್ಲಿ ಗೇಣಿ ಅಳೆದುಕೊಳ್ಳುತ್ತಿದ್ದರು. ಒಡೆಯ, ಪೊಲೀಸು ಎಲ್ಲ ಒಂದು ಕಡೆ ಇದ್ದರೂ ಆ ಅಳತೆ ಅನ್ಯಾಯ ಎಂದು ಬಡವರಿಗೆ ಗೊತ್ತಿತ್ತು. ಅದು ಹೇಗೆ ಗೊತ್ತಾಯಿತು ಎಂದು ಅವಳ ಜೊತೆ ಕೂತು ಯೋಚಿಸು. ಅಧಿಕಾರದಲ್ಲಿರುವವರೆಲ್ಲ ಸರಿ ಎಂದರೂ ತಪ್ಪು ತಪ್ಪೇ ಆಗಿರಬೇಕಾದರೆ ನ್ಯಾಯ ಅನ್ನುವುದು ಮನುಷ್ಯರು ಮಾಡಿಕೊಂಡ ಒಪ್ಪಂದಕ್ಕಿಂತ ದೊಡ್ಡದು, ಅಲ್ವಾ? ನಮ್ಮ ಧರ್ಮಶಾಸ್ತ್ರ ಗೊತ್ತಿಲ್ಲದವರ ಹೃದಯದಲ್ಲೂ ಅದು ಬರೆದಿದೆ ಎಂದು ಪೌಲ ರೋಮಿನವರಿಗೆ ಬರೆದ. ಅವಳು ಇದನ್ನು ವಿಕಾಸವಾದದಿಂದ ವಿವರಿಸುತ್ತಾಳೆ. ಪೂರ್ತಿ ಕೇಳಿಸಿಕೋ. ನನಗೆ ಆ ವಿವರಣೆ ಸಾಲದು. ಹಾಗೆ ಒಟ್ಟಿಗೆ ಬಾಳುವ ಅಭ್ಯಾಸ ಯಾಕೆ ಬೆಳೆಯಿತು ಎಂದು ಅದು ಹೇಳುತ್ತದೆ, ಜೈಲಿಗೆ ಹೋಗಿಯಾದರೂ ನ್ಯಾಯ ಕೇಳಲೇಬೇಕು ಎಂದು ಯಾಕೆ ಅನ್ನಿಸಬೇಕು ಎಂದು ಹೇಳುವುದಿಲ್ಲ.

ಯೇಸು ಕಟ್ಟುಕತೆ ಎಂದರೆ ಇತಿಹಾಸ ಹೇಳು. ಕ್ರೈಸ್ತರನ್ನು ಕಂಡರಾಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್, ರೋಮನ್ ಅಧಿಪತಿ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತು ಎಂದು ಸುಮಾರು ಕ್ರಿ.ಶ. 116ರಲ್ಲಿ ಬರೆದಿದ್ದಾನೆ. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಸಿಕ್ಕಿದೆ. ಶಿಲುಬೆಯ ಸಾವನ್ನು ದೇವರನ್ನು ನಂಬದ ಇತಿಹಾಸಕಾರರೂ ಒಪ್ಪುತ್ತಾರೆ. ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದರ ಮಾತು ಬೇರೆ. ಅದು ಆದ ಸುಮಾರು 25 ವರ್ಷದೊಳಗೇ, ಎದ್ದ ಯೇಸುವನ್ನು ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಪೌಲ ಬರೆದಿದ್ದಾನೆ. ಅದನ್ನು ನಂಬಲು ನಮಗೆ ಆಧಾರವಿದೆ. ಆದರೆ ಎರಡನ್ನೂ ಒಂದೇ ತೂಕದ ಪುರಾವೆ ಎಂದು ದಾಟಿಸಬೇಡ. ಅವಳು ಬುದ್ಧಿವಂತೆ, ಹಿಡಿದುಬಿಡುತ್ತಾಳೆ.

ವಿಜ್ಞಾನಕ್ಕೂ ನಮಗೂ ಜಗಳವಿಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ಆದರೆ ತನ್ನ ಸಿದ್ಧಾಂತವನ್ನು ಸೃಷ್ಟಿಗೆ ಪುರಾವೆ ಮಾಡುವುದು ಅವರಿಗೇ ಇಷ್ಟವಿರಲಿಲ್ಲ. ನೀನೂ ಮಾಡಬೇಡ.

ವಾಟ್ಸಾಪ್ ಇವತ್ತೇ ನಿಲ್ಲಿಸು. ಕೇಳಿದವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಅದನ್ನು ಸೌಮ್ಯವಾಗಿ, ಗೌರವದಿಂದ ಹೇಳಿ ಎಂದು ಪೇತ್ರನ ಪತ್ರದಲ್ಲಿದೆ. ವಾಕ್ಯ ಕಳಿಸು ಎಂದು ಅವಳು ಕೇಳಿರಲಿಲ್ಲ. ಅರಳಗೋಡಿನ ಬಗ್ಗೆ ಕೇಳಿದ್ದಾಳೆ. ಹಾಗಾಗಿ ನೀನು ಯೇಸುವನ್ನು ಬಿಟ್ಟುಕೊಡುತ್ತಿಲ್ಲ. ಮೊದಲು ಅವಳ ಊರಿನಲ್ಲಿ ಆಗ ಏನೇನಾಯಿತು, ಯಾರು ಯಾರು ಹೋದರು ಎಂದು ಕೇಳು. ಆಮೇಲೆ ಒಂದು ದಿನ, ಯೋಬನ ಪುಸ್ತಕ ಒಟ್ಟಿಗೆ ಓದೋಣವಾ ಎಂದು ಕೇಳಬಹುದು. ಬೇಡ ಎಂದರೆ ಬಿಟ್ಟುಬಿಡು.