ದೊಡ್ಡ ಹಡಗನ್ನು ಧಕ್ಕೆಗೆ (ಬಂದರಿನಲ್ಲಿ ಹಡಗು ನಿಲ್ಲುವ ಕಟ್ಟೆಗೆ) ತರೋಕೆ ಮಾಮೂಲಿ ಜಿಪಿಎಸ್ ಸಾಲದೇ?

ಸಾಲುವುದಿಲ್ಲ. ಮಾಮೂಲಿ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ನಡುಸಮುದ್ರದಲ್ಲಿ ಅದು ಲೆಕ್ಕಕ್ಕಿಲ್ಲ, ಧಕ್ಕೆಯ ಹತ್ತಿರ ಡಿಕ್ಕಿಯಾಗೋಕೆ ಅಷ್ಟೇ ಸಾಕು.

ಅದಕ್ಕೇ ಆರ್‌ಟಿಕೆ ಎಂಬ ವಿಧಾನ ಬಳಸುತ್ತಾರೆ. ದಡದಲ್ಲಿ, ಪಕ್ಕಾ ಅಳೆದಿಟ್ಟ ಜಾಗದಲ್ಲಿ, ಒಂದು ರಿಸೀವರ್ ಇರುತ್ತದೆ. ಉಪಗ್ರಹದ ಸಿಗ್ನಲ್ ಗಾಳಿಯಲ್ಲಿ ಹಾದು ಬರುವಾಗ ಆಗುವ ತಪ್ಪು ಅದಕ್ಕೂ ಹಡಗಿನ ರಿಸೀವರ್‌ಗೂ ಹೆಚ್ಚುಕಮ್ಮಿ ಒಂದೇ. ದಡದ್ದು ತನ್ನ ಅಳತೆಯನ್ನು ರೇಡಿಯೋದಲ್ಲಿ ಕಳಿಸುತ್ತದೆ, ಹಡಗಿನದು ಆ ತಪ್ಪನ್ನು ಕಳೆದುಹಾಕುತ್ತದೆ. ಜೊತೆಗೆ ಸಿಗ್ನಲ್‌ನ ಅಲೆಯನ್ನೇ ಅಳೆಯುವುದರಿಂದ ಕೊನೆಗೆ ಉಳಿಯುವುದು ಕೆಲವೇ ಸೆಂಟಿಮೀಟರ್ ವ್ಯತ್ಯಾಸ.

ಆದರೆ ಹಡಗು ಒಂದು ಚುಕ್ಕಿಯಲ್ಲ ಅಲ್ವಾ? 300 ಮೀಟರ್ ಉದ್ದದ ಹಡಗು ಒಂದೇ ಒಂದು ಡಿಗ್ರಿ ಓರೆಯಾದರೂ ಅದರ ಒಂದು ತುದಿ ಧಕ್ಕೆಗೆ 5 ಮೀಟರ್ ಜಾಸ್ತಿ ಹತ್ತಿರವಿರುತ್ತದೆ. ಹಾಗಾಗಿ ಎರಡು ಆಂಟೆನಾ ದೂರ ದೂರ ಇಟ್ಟು ಓರೆಯನ್ನೂ ಅಳೆಯುತ್ತಾರೆ. ಹಡಗನ್ನು ಬಂದರಿನೊಳಗೆ ತರುವ ಪೈಲಟ್ ಇದನ್ನೆಲ್ಲ ತನ್ನ ಟ್ಯಾಬ್ಲೆಟ್‌ನಲ್ಲೇ ನೋಡುತ್ತಾರೆ.

ದೊಡ್ಡ ಟ್ಯಾಂಕರ್‌ಗಳು ನಿಲ್ಲುವ ಕಡೆ ಧಕ್ಕೆಯ ಮೇಲೆ ಲೇಸರ್ ಕೂಡ ಇರುತ್ತದೆ. ಹಡಗಿನ ಎರಡೂ ತುದಿ ಎಷ್ಟು ದೂರ, ಎಷ್ಟು ವೇಗ ಅಂತ ಅದು ತೋರಿಸುತ್ತದೆ. ಕೊನೆಗೆ ವೇಗ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ಅಥವಾ ಅದಕ್ಕೂ ಕಮ್ಮಿ. ಬರಿಗಣ್ಣಿಗೆ ಅಂದಾಜೇ ಸಿಗಲ್ಲ. ಆ ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ.